ನನ್ನ ಹೆಸರು ನಾನ ಹೇಳ್ತೀನಿ

ಹಿಟ್ನಾಳ ಹತ್ರ
೧೫ ಜೂನ್ ೨೦೨೫, ಆಯ್ತವಾರ

ಪಾರಮ್ಮಕ್ಕಗ,

ನಿನ್ನ ತಮ್ಮ ಗೌರೀಶನ ಶರಣು. ಮಾವಗೂ ಹೇಳು. ಆನೆಗೊಂದ್ಯಾಗ ಎಲ್ಲಾರೂ ಆರಾಮ ಅದೀರಂತ ತಿಳದೀನಿ. ಬಾಳಿನಾರಿನ ಚೀಲದ ಕೆಲಸ ಹೆಂಗ ನಡದೈತಿ? ಮೊಣಕಾಲಿಗೆ ಎಣ್ಣಿ ತಿಕ್ಕೊಳ್ಳಾಕತ್ತೀಯೋ, ಇಲ್ಲಾ ಬಾಟ್ಲಿ ಹಂಗ ಗೋಡಿ ಮಾಡದಾಗ ಕುಂತೈತೋ?

ಪತ್ರ ತಡಾ ಆತು, ಬೈಬ್ಯಾಡ. ಹೋದ ವಾರ ನೀ ಮೂರು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಎತ್ತಿದ್ರ ಏನಾಗ್ತಿತ್ತು ನಿನಗ ಗೊತ್ತೈತಿ. ಸಿಟ್ಟು ಬಂದಾಗ ನನ್ನ ನಾಲಗಿ ಪೂರಾ ಗಂಟು ಬೀಳತೈತಿ. ನೀ ಅತ್ಲಾಗ ಹಲೋ ಹಲೋ ಅಂತಿದ್ದಿ, ನಾ ಇತ್ಲಾಗ ಬಾಯಿ ತಕ್ಕೊಂಡು ನಿಂತಿರತಿದ್ದೆ. ಕಾಗದದ ಮ್ಯಾಲ ಆ ತ್ರಾಸಿಲ್ಲ. ಹಾಸ್ಟೆಲ್‌ನ್ಯಾಗ ಇದ್ದಾಗಿಂದನೂ ನನ್ನ ಉದ್ದುದ್ದ ಮಾತು ಕೇಳಿದಾಕಿ ನೀ ಒಬ್ಬಾಕಿನ.

ಯಲಬುರ್ಗಾದ ಮನಿ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತು ದಿನ ಆತು. ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗ ಊರು. ಮನಿ ಸಣ್ಣದು, ನೀರು ಛಲೋ ಐತಿ. ಓನರ್ ಲಾಲಬೀ ಅಂತ ವಯಸ್ಸಾದ ಹೆಣಮಗಳು, ಭಾಳ ಮಾತಾಡತಾಳ. ನಾ ಒಂದು ಮಾತು ಮುಗಿಸೋದ್ರಾಗ ಆಕಿ ಹತ್ತು ಮಾತಾಡಿ ಒಳಗ ಹೋಗಿರತಾಳ. ಆಕಿ ಮ್ಯಾಲ ನನಗ ಸಿಟ್ಟಿಲ್ಲ, ಆಕಿ ಎಲ್ಲಾರ ಜೋಡಿನೂ ಹಂಗ. ಮಗಳು ಸುನಿತಾನ ಹೆಸರೂ ನನಗ ವರ್ಗಾ ಆದ ಹೈಸ್ಕೂಲಿನ್ಯಾಗನ ಎಂಟನೇ ಕ್ಲಾಸಿಗೆ ಹಚ್ಚೀನಿ. ನನ್ನಾಕಿ ಇನ್ನೂ ಸಾಮಾನಿನ ಗಂಟು ಬಿಚ್ಚಾಕತ್ಯಾಳ.

ಈಗ ಸಿಟ್ಟಿನ ಸುದ್ದಿ ಹೇಳತೀನಿ.

ಸಾಲಿ ಸುರು ಆದ ದಿನ ಪ್ರಾರ್ಥನೆ ಆದ ಮ್ಯಾಲ ಹೊಸಾ ಮಾಸ್ತರು ಮಕ್ಕಳ ಮುಂದ ನಿಂತು ತಮ್ಮ ಪರಿಚಯ ಹೇಳಬೇಕು. ಈ ವರ್ಷ ಹೊಸಬರು ಇಬ್ಬರು. ಗಣಿತಕ್ಕ ನಾನು, ಹಿಂದಿಗೆ ಗಂಗಾವತಿಯಿಂದ ಬಂದ ಶಾಯಿಸ್ತಾ ಮೇಡಂ. ನಾ ಹಿಂದಿನ ದಿನನ ನಾಕು ಮಾತು ಬರಕೊಂಡು, ಲಾಲಬೀ ಎಮ್ಮಿ ಮುಂದ ನಿಂತು ಹೇಳಿ ನೋಡಿದ್ದೆ. ನನ್ನ ಹೆಸರು ಹೇಳೋದ ನನಗ ಎಲ್ಲಾಕ್ಕಿಂತ ಕಷ್ಟ ಅಂತ ನಿನಗ ಗೊತ್ತಲ್ಲ. 'ಗ' ಹೊರಗ ಬರಂಗಿಲ್ಲ, ಗಂಟಲದಾಗ ಕುಂದರತೈತಿ. ಆದ್ರೂ ಮಾಸ್ತರಾಗಿ ಹದಿನಾರು ವರ್ಷ ನಾನ ಹೇಳೀನಿ. ಯಾವ ಸಾಲ್ಯಾಗೂ ಇನ್ನೊಬ್ಬರ ಬಾಯಿಂದ ಹೇಳಿಸಿಲ್ಲ.

ಬೆಳಿಗ್ಗೆ ಹೆಡ್‌ಮಾಸ್ತರು ರವಿಕುಮಾರ ಸರ್ ಆಫೀಸಿಗೆ ಕರದ್ರು. "ಗೌರೀಶ ಸರ್, ನೀವು ಸುಮ್ನ ನಿಂದರ್ರಿ. ನಿಮ್ಮ ಪರಿಚಯ ನಾ ಮಾಡಿಕೊಡ್ತೀನಿ" ಅಂದ್ರು.

"ನಾನ ಹೇಳ್ತೀನ್ರಿ. ಸ್ವಲ್ಪ ಹೊತ್ತು ಹಿಡೀತೈತಿ, ಅಷ್ಟ" ಅಂದೆ. ಅಷ್ಟು ಅನ್ನಾಕೂ ಹೊತ್ತು ಹಿಡೀತು. ಅವರು ಗಡಿಯಾರ ನೋಡಿದ್ರು.

"ಊರಿನ ಮಂದಿ ಬಂದಾರ್ರಿ, ಯಾಕ ಸುಮ್ನ ಮುಜುಗರ?" ಅಂದು ಎದ್ದು ಹ್ವಾದ್ರು.

ಇನ್ನೂರೈವತ್ತು ಮಕ್ಕಳು ಸಾಲಾಗಿ ನಿಂತಿದ್ರು. ಶಾಯಿಸ್ತಾ ಮೇಡಂ ತಮ್ಮ ಪರಿಚಯ ಹೇಳಿ ಇಳದ್ರು. ನಾ ಮೈಕಿಗೆ ಕೈ ಚಾಚಿದೆ. ರವಿಕುಮಾರ ಸರ್ ಅದನ್ನ ತಮ್ಮ ಕಡೆ ಎಳಕೊಂಡು ಏನಂದ್ರು ಗೊತ್ತೇನು? "ಇವರು ಗೌರೀಶ ಸರ್, ಗಣಿತ ಕಲಸ್ತಾರ. ಇವರಿಗೆ ಮಾತಾಡಾಕ ಸ್ವಲ್ಪ ತೊಂದ್ರಿ ಐತಿ. ಯಾರೂ ನಗಬಾರದು. ನಕ್ಕವರನ್ನ ನಾ ಬಿಡಂಗಿಲ್ಲ."

ಅಕ್ಕಾ, ಅಲ್ಲೀತನಕ ಒಂದು ಕೂಸಿಗೂ ಗೊತ್ತಿರಲಿಲ್ಲ! ನಗಬ್ಯಾಡ್ರಿ ಅಂದಿದ್ದಕ್ಕ ಹಿಂದಿನ ಸಾಲಿನ್ಯಾಗ ಒಬ್ಬ ಕಿಸಕ್ ಅಂದ, ಅದು ಮುಂದಿನ ಸಾಲಿನತನಕ ಬಂತು. ಬಾಯಿ ಮುಚಗೊಂಡು ನಗೋ ಮಕ್ಕಳನ್ನ ನೋಡಿ ಊರಿನ ಹಿರೇರೂ ನಕ್ರು. ನಾ ಮೈಕ್ ಕೇಳಿದೆ. "ಆತಲ್ರಿ ಸರ್, ಎಲ್ಲಾ ಹೇಳೀನಲ್ಲ" ಅಂದು ಬಂದ್ ಮಾಡಿಬಿಟ್ರು.

ನೀನೂ ನನ್ನ ಪರವಾಗಿ ಭಾಳ ಸಲ ಮಾತಾಡಿದ್ದಿ. ಬಸ್ಸಿನ್ಯಾಗ ಕಂಡಕ್ಟರ್ ಕೇಳಿದ್ರ, ಅಂಗಡ್ಯಾಗ ಸಕ್ರಿ ಕೇಳಬೇಕಾದ್ರ ನೀನ ಹೇಳತಿದ್ದಿ. ಆದ್ರ ಮೊದಲ ನನ್ನ ಮಾರಿ ನೋಡತಿದ್ದಿ. ನಾ ತಲಿ ಆಡಿಸಿದ್ರ ಮಾತ್ರ ಬಾಯಿ ತಗೀತಿದ್ದಿ. ಈ ಮನಿಷ್ಯಾ ನನ್ನ ಮಾರಿ ನೋಡಲೇ ಇಲ್ಲ.

ಮೊದಲನೇ ಪಿರಿಯಡ್ ಎಂಟನೇ ಕ್ಲಾಸು. ಬಾಗಲಾ ಮುಚ್ಚಿ ಮಕ್ಕಳ ಮುಂದ ನಿಂತೆ. "ನನ್ನ ಹೆಸರು" ಅಂದೆ. ಮುಂದ 'ಗ' ಬರವಲ್ದು. ಎರಡನೇ ಬೆಂಚಿನ ಹುಡುಗಿ ಪಾಪ, "ಗೌರೀಶ ಸರ್ ರೀ" ಅಂತ ಮುಗಿಸಾಕ ಬಂದ್ಳು. ಕೈ ಎತ್ತಿ ತಡದೆ. "ನಾ ಹೇಳೂತನಕ ಕಾಯವ್ವಾ" ಅಂದೆ. ಕಾದ್ರು, ಅಕ್ಕಾ. ನಲವತ್ತೂ ಮಕ್ಕಳು ಕಾದ್ರು. ಹೇಳಿದೆ.

ಯಮನೂರ ಅನ್ನೋ ಹುಡುಗ ಹಿಂದ ಕುಂತು "ಸ-ಸ-ಸರ್" ಅಂದ. ಕರದು ಮುಂದ ನಿಂದರಿಸಿದೆ. ಹೊಡೀತೀನಿ ಅಂತ ಅಂಜಿಬಿಟ್ಟಿದ್ದ. "ಛಲೋ ಮಾಡ್ತೀ. ಆದ್ರ ತಪ್ಪು ಮಾಡಿದಿ. ನಾ 'ಸ'ಕ್ಕ ನಿಲ್ಲಂಗಿಲ್ಲ. ಗ, ಬ, ಮ, ಈ ಮೂರಕ್ಕ ನಿಲ್ತೀನಿ. ಇನ್ನೊಮ್ಮೆ ಮಾಡು" ಅಂದೆ. ಮಾಡಲಿಲ್ಲ. ಕುಂದರಾಕ ಹೋಗೋ ಮುಂದ "ತಪ್ಪಾತ್ರಿ ಸರ್" ಅಂದ. ಆಮ್ಯಾಲ ಹುಡುಗ್ರು ಒಬ್ಬೊಬ್ಬರ ಎದ್ದು ತಮ್ಮ ಹೆಸರು, ಅಪ್ಪನ ಕೆಲಸ, ಗಣಿತದಾಗ ಯಾವುದಕ್ಕ ಅಂಜಿಕಿ ಅಂತ ಹೇಳಿದ್ರು. ಅರ್ಧಕ್ಕರ್ಧ ಮಂದಿ ಅಪ್ಪಂದಿರು ಗಿಣಿಗೇರಾದ ಫ್ಯಾಕ್ಟರ್‍ಯಾಗ ಅದಾರ. ಅಂಜಿಕಿ ಎಲ್ಲಾರಿಗೂ ಭಿನ್ನರಾಶಿದು.

ಇಷ್ಟಕ್ಕ ಮುಗದಿದ್ರ ನಾ ನುಂಗಿಕೊಳ್ತಿದ್ದೆ. ಮೂರನೇ ದಿನ ಸ್ಟಾಫ್ ಮೀಟಿಂಗ್. ಎಲ್ಲಾರ ಮುಂದ ರವಿಕುಮಾರ ಸರ್, "ಹತ್ತನೇ ಕ್ಲಾಸಿನ ಗಣಿತ ಈ ಸಲ ವಿಜ್ಞಾನದವರಿಗೆ ಕೊಡೂಣು. ರಿಜಲ್ಟ್ ಪ್ರಶ್ನೆ ಐತಿ. ಗೌರೀಶ ಸರ್ ಬಿಸಿಯೂಟದ್ದು, ಆನ್‌ಲೈನ್ ಎಂಟ್ರಿದು ನೋಡಿಕೊಳ್ಳಲಿ. ಅವರಿಗೂ ಬಾಯಿಗೆ ಆರಾಮ" ಅಂದ್ರು.

ಹೋದ ವರ್ಷ ನನ್ನ ಹತ್ತನೇ ಕ್ಲಾಸಿನ್ಯಾಗ ಗಣಿತಕ್ಕ ಒಬ್ಬನೂ ಫೇಲ್ ಆಗಿಲ್ಲ. ಎದ್ದು ನಿಂತು ಹೇಳಾಕ ಹೋದೆ. "ನಾ ಬಿ, ಬಿ, ಬಿ..."

"ಬಿಡ್ತೀನಿ ಅಂತಾರ, ಸಂತೋಷ" ಅಂದು ಅವರು ಪುಸ್ತಕದಾಗ ಬರದೇ ಬಿಟ್ರು!

ಟೇಬಲ್ ಗುದ್ದಿದೆ. ಚಹಾದ ಕಪ್ಪು ಉರುಳಿ ಅವರ ಪುಸ್ತಕದ ಮ್ಯಾಲ ಹೋತು. ನಲವತ್ತೆರಡು ವರ್ಷದಾಗ ನಾ ಹಂಗ ಮಾಡಿದ್ದಿಲ್ಲ. ರವಿಕುಮಾರ ಸರ್ ಮತ್ತ ಬಾಯಿ ತಗದ್ರು. ಶಾಯಿಸ್ತಾ ಮೇಡಂ ಅಡ್ಡ ಬಂದು, "ಸರ್, ಅವರ ಮಾತು ಇನ್ನೂ ಮುಗದಿಲ್ಲ. ಮುಗಿಸಲಿ" ಅಂದ್ರು. ಎಷ್ಟು ಹೊತ್ತು ಹಿಡೀತೋ ಗೊತ್ತಿಲ್ಲ, "ಬಿಡಂಗಿಲ್ಲ" ಅಂತ ಪೂರಾ ಹೇಳಿದೆ. ಆಮ್ಯಾಲ, "ನನ್ನ ಬಿಡಿಸಬೇಕಂದ್ರ ಕಾರಣ ಬರದು ಸಹಿ ಮಾಡಿ ಕೊಡ್ರಿ. ಉಗ್ಗ ಅದಾನ ಅಂತ ಬರೀರಿ. ನಾ ಅದನ್ನ ತಗೊಂಡು ಕೊಪ್ಪಳದ ಶಿಕ್ಷಣ ಇಲಾಖಿ ಆಫೀಸಿಗೆ ಹೋಗ್ತೀನಿ" ಅಂದೆ.

"ನಿಮ್ಮ ಒಳ್ಳೇದಕ್ಕ ಹೇಳಿದ್ನಿ. ಇದಕ್ಕ ಇಷ್ಟ್ಯಾಕ ಸಿಟ್ಟು?" ಅಂದ್ರು. ಬರದು ಕೊಡಲಿಲ್ಲ. ಹತ್ತನೇ ಕ್ಲಾಸು ನನ್ನ ಕಡೇನ ಉಳೀತು. ಆದ್ರ ಅವತ್ತಿನಿಂದ ನನ್ನ ಕಂಡ್ರ ಬ್ಯಾರೆ ಕಡೆ ನೋಡ್ತಾರ. ನೋಡಲಿ. ನನಗ ಅವರ ಕನಿಕರ ಬ್ಯಾಡ.

ಗೆದ್ದೆ ಅಂತ ನೀ ಊರೆಲ್ಲಾ ಹೇಳಬ್ಯಾಡ. ನನ್ನ ಹೆಸರು ನಾ ಹೇಳಾಕ, ನನ್ನ ಪಾಠ ನಾ ಮಾಡಾಕ ಇಷ್ಟು ಬಡದಾಡಬೇಕಾತಲ್ಲ ಅಂತನ ಸಿಟ್ಟು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಮಳಿ ಹಿಡಿಯೋದ್ರಾಗ ಒಮ್ಮೆ ಬಂದು ಎರಡು ದಿನ ಇದ್ದು ಹೋಗು. ನಿನ್ನ ಕೈ ನನ್ನ ತಲಿ ಮ್ಯಾಲ ಇರಲಿ.

ನಿನ್ನ ತಮ್ಮ
ಗೌರೀಶ

ತಾ.ಕ.: ಒಂದು ಮಾತು ಬಿಟ್ಟು ಬರದೀನಿ. ನನ್ನಾಕಿಗೂ ಹೇಳಿಲ್ಲ. ಅವತ್ತು ಎಂಟನೇ ಕ್ಲಾಸಿನ್ಯಾಗ ಸುನಿತಾನೂ ಇದ್ಳು, ಕಿಟಕಿ ಕಡೆ ಬೆಂಚಿಗೆ. ಊರಿಗೆ ಹೊಸಬಾಕಿ, ಯಾರ ಮಗಳು ಅಂತ ಹುಡುಗರಿಗೆ ಗೊತ್ತಿರಲಿಲ್ಲ. ಆಕಿ ಸರದಿ ಬಂತು. ಎದ್ದು ನಿಂತು, ನನ್ನ ನೋಡದ, ಗೋಡಿ ನೋಡಿಕೋಂತ, "ನನ್ನ ಹೆಸರು ಸುನಿತಾ ರೀ ಸರ್. ನಮ್ಮ ಅಪ್ಪ ಯಲಬುರ್ಗಾದಾಗ ಒಕ್ಕಲತನ ಮಾಡ್ತಾರ್ರಿ" ಅಂದ್ಳು. ಹಾಜರಿ ಪುಸ್ತಕ ನನ್ನ ಕೈಯಾಗ ಇತ್ತು, ತಂದಿ ಹೆಸರಿನ ಕಡೆ ನನ್ನ ಹೆಸರಿತ್ತು. ನಾ "ಛಲೋ, ಕುಂದರವ್ವಾ" ಅಂದೆ. ಸಾಲಿಗೆ ಹೋಗೋ ಮುಂದ ಈಗ ಆಕಿ ನನಗಿಂತ ಭಾಳ ಹಿಂದ ನಡೀತಾಳ. ಹದಿಮೂರು ವರ್ಷದ ಕೂಸಿನ ಮ್ಯಾಲ ಹೆಂಗ ಸಿಟ್ಟಾಗಲಿ, ಅಕ್ಕಾ? ಅಷ್ಟು ದೊಡ್ಡ ಸುಳ್ಳು ಹೇಳೋವಾಗ ಆಕಿ ಎಲ್ಲೂ ಒಂದಕ್ಷರ ತಡವರಿಸಲಿಲ್ಲ.