ಇಪ್ಪತ್ತೊಂದು ಕೊಡ ನೀರು

೧೯೧೩ ಜೂನ್ ೯, ಸೋಮವಾರ, ಬೆಳಗ್ಗೆ

ಇವತ್ತೂ ಹುಳು ಆರಿಸಿದ್ದಾಯಿತು. ಮೂವತ್ತೆರಡು. ಎಳೆಯವು ಹಕ್ಕಿ ಹಿಕ್ಕೆಯ ಹಾಗೆ ಎಲೆಗೆ ಅಂಟಿಕೊಂಡಿರುತ್ತವೆ, ಬಲಿತವು ಎಲೆಯದೇ ಹಸಿರು. ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಚಾಚಿ ನಾತ ಬಿಡುತ್ತವೆ. ಯರ್ರಮ್ಮನಿಗೆ ಹೇಸಿಗೆಯಿಲ್ಲ. ಬರಿಗೈಯಲ್ಲಿ ಕಿತ್ತು ಬೂದಿನೀರಿನ ಕುಡಿಕೆಗೆ ಹಾಕುತ್ತಾಳೆ. ನಾನು ಎಣಿಸುತ್ತೇನೆ, ಅಷ್ಟೇ.

"ಮೇಷ್ಟ್ರು ಎಣಿಸಾಕೆ, ಹೆಂಡ್ತಿ ಸಾಯ್ಸಾಕೆ" ಎಂದು ನಕ್ಕಳು. ಅವ್ವ ಒಳಗಿನಿಂದ ಕೆಮ್ಮಿದಳು. ನಗು ನಿಂತಿತು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲದ ಸೊಸೆ ನಕ್ಕರೂ ಅವ್ವನಿಗೆ ಆಗುವುದಿಲ್ಲ.

ಅಪ್ಪ ನೆಟ್ಟ ನಿಂಬೆಗಿಡ. ಅಪ್ಪ ಹೋಗಿ ಆರು ವರ್ಷ. ಅವ್ವ ಬಚ್ಚಲ ನೀರು, ಮುಸುರೆ ನೀರು, ಎಲ್ಲ ಅದರ ಬುಡಕ್ಕೇ ಹರಿಸುತ್ತಾಳೆ. "ನಿಮ್ಮಪ್ಪಂಗೆ ಬಾಯಾರಿಕೆ ಜಾಸ್ತಿ" ಎನ್ನುತ್ತಾಳೆ. ಬುಡದ ಹತ್ತಿರ ತೊಗಟೆ ಸೀಳಿದೆ. ಅಂಟು ಸೋರುತ್ತಿದೆ, ಬೆಲ್ಲದ ಪಾಕದ ಹಾಗೆ. ಇದು ಹುಳುವಿನ ಕೆಲಸವಲ್ಲ.

ಸ್ಕೂಲಿಗೆ ಹೊತ್ತಾಯಿತು.

ಜೂನ್ ೧೪

ಎಲೆ ಹಳದಿ. ಮುಟ್ಟಿದರೆ ಉದುರುತ್ತದೆ. ಬೆಂಗಳೂರಿನ ತೋಟದ ಇಲಾಖೆಗೆ ಕಾಗದ ಬರೆದೆ. ಸೋರಿದ ಅಂಟು ಒಂದು ಚೂರು, ಎಲೆ ನಾಲ್ಕು, ಲಕೋಟೆಯಲ್ಲಿಟ್ಟೆ. ಸ್ಕೂಲು ಇನ್ಸ್‌ಪೆಕ್ಟರು ಹೇಳಿದ್ದರು, ಅಲ್ಲಿಯವರು ಉತ್ತರ ಬರೆಯುತ್ತಾರೆ ಎಂದು. ನೋಡೋಣ.

ಅವ್ವ ಊಟ ಬಿಟ್ಟಿದ್ದಾಳೆ.

ಜೂನ್ ೨೦, ಶುಕ್ರವಾರ

ಕಣಿ ಹೇಳುವ ದಾಸಣ್ಣನನ್ನು ಅವ್ವ ಕರೆಸಿದಳು. ಅವನು ಗಿಡದ ಸುತ್ತ ಮೂರು ಸಲ ಬಂದ. ಅಂಟನ್ನು ಬೆರಳಿಗೆ ಹಚ್ಚಿ ಮೂಸಿದ. "ಚೆಟ್ಟು ಏಡುಸ್ತಾ ಉಂದಿ" ಎಂದ. ಆಮೇಲೆ ಕನ್ನಡದಲ್ಲಿ, "ಅಳ್ತಾ ಐತೆ ಕಣವ್ವ, ನಿನ್ ಯಜಮಾನ ಅಳ್ತಾವ್ನೆ. ಮನೆ ಹೆಣ್ಣು ಮುಟ್ಟಾದಾಗ ಮುಟ್ಟೈತೆ."

ಮನೆಯಲ್ಲಿ ಇನ್ನಾವ ಹೆಣ್ಣು?

"ನಾನು ಹೊರಗೆ ಕೂತ ದಿನ ಹಿತ್ತಲ ಕಡೆ ತಿರುಗಿಯೂ ನೋಡಿಲ್ಲ ಅತ್ತೆ" ಎಂದಳು ಯರ್ರಮ್ಮ.

"ಬಾಯಿ ಮುಚ್ಚು. ಬಂಜೆ ಕೈ ಬಿದ್ರೆ ಬೇರೇನಾಗ್ತೈತೆ?"

ದಾಸಣ್ಣ ಹೇಳಿದ ಪರಿಹಾರ: ಇಪ್ಪತ್ತೊಂದು ದಿನ. ದಿನಕ್ಕೆ ಇಪ್ಪತ್ತೊಂದು ಕೊಡ ನೀರು, ಊರಾಚೆಯ ಬಾವಿಯಿಂದ. ಒದ್ದೆ ಸೀರೆಯಲ್ಲೇ ತಂದು ಬುಡಕ್ಕೆ ಸುರಿಯಬೇಕು. ಒಂದು ಹೊತ್ತು ಊಟ. ನಡುವೆ ಮುಟ್ಟಾದರೆ ವ್ರತ ಕೆಟ್ಟಿತು, ದೋಷ ಅವಳದೇ ಎಂದು ಖಾತ್ರಿ.

ನಾನು ಬಾಗಿಲಲ್ಲೇ ಇದ್ದೆ. ಯರ್ರಮ್ಮ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ.

ಜೂನ್ ೨೩

ಶುರು. ಇಪ್ಪತ್ತೊಂದು ಕೊಡ ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಒಂದೊಂದು ಕೊಡಕ್ಕೆ ಒಂದೊಂದು ಕಡ್ಡಿ ಇಟ್ಟಳು.

ಜುಲೈ ೧, ಮಂಗಳವಾರ

ಒಂಬತ್ತನೆಯ ದಿನ. ಪೋಸ್ಟಿನಲ್ಲಿ ಬೆಂಗಳೂರಿನಿಂದ ಅಚ್ಚು ಹಾಕಿದ ಕಾಗದ ಬಂತು. ಇಂಗ್ಲೀಷು. ಮೇಲೆ ಗಿಡದ ಚಿತ್ರ, ಬುಡದಲ್ಲಿ ಅಂಟು ಸೋರುವುದು ಥೇಟ್ ನಮ್ಮದೇ. ಎರಡು ಸಲ ಓದಿದೆ.

ಬುಡದಲ್ಲಿ ನೀರು ನಿಂತರೆ ತೊಗಟೆ ಕೊಳೆಯುತ್ತದೆ. ಅದೇ ರೋಗ. ಕಾಂಡಕ್ಕೆ ನೀರು ತಾಕಕೂಡದು. ಕೊಳೆತ ತೊಗಟೆಯನ್ನು ಹಸಿ ಕಾಣುವವರೆಗೆ ಹೆರೆದು, ಮೈಲುತುತ್ತ ಸುಣ್ಣ ಕಲಸಿ ಬಳಿಯಬೇಕು.

ಅಂದರೆ ಇಷ್ಟು ವರ್ಷ ಅವ್ವ ಹರಿಸಿದ ನೀರು. ಅದರ ಮೇಲೆ ಈಗ ದಿನಕ್ಕೆ ಇಪ್ಪತ್ತೊಂದು ಕೊಡ...

ಮನೆಗೆ ಬಂದಾಗ ಯರ್ರಮ್ಮ ಹೊಸಿಲ ಬಳಿ ಕೂತಿದ್ದಳು. ಕೊಡ ಹೊರಲು ಸುತ್ತಿದ ತಲೆಯ ಸಿಂಬಿ ಇನ್ನೂ ತೆಗೆದಿರಲಿಲ್ಲ. ಕಾಗದ ನೋಡಿದಳು.

"ಗಿಡದ ಚಿತ್ರ ಐತಲ್ರೀ. ಏನು ಬರ್ದೈತೆ?"

"ಸ್ಕೂಲಿಂದು" ಎಂದೆ.

ಯಾಕೆ ಹಾಗೆಂದೆ? ಅವ್ವ ಒಳಗಿದ್ದಳು. ಅಪ್ಪನ ಗಿಡ ಕೊಂದವಳು ನೀನೇ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಇನ್ನು ಹನ್ನೆರಡೇ ದಿನ. ಮುಗಿದ ಮೇಲೆ ನಿಧಾನವಾಗಿ ಹೇಳಿದರಾಯಿತು.

ಜುಲೈ ೫

ಕಾಗದ ಕೋಟಿನ ಜೇಬಿನಲ್ಲೇ ಇದೆ. ಅಂಟು ಹೆಚ್ಚಾಗಿದೆ. ಒಂದು ಕೊಂಬೆ ಪೂರಾ ಒಣಗಿತು. ಅವ್ವ ಅದನ್ನು ಮುರಿದು ಯರ್ರಮ್ಮನ ಮುಂದೆ ಎಸೆದಳು. "ನೋಡು. ಮನಸ್ಸಿಟ್ಟು ಹಾಕ್ತಿಲ್ಲ ನೀನು. ನಾಳೆಯಿಂದ ಕೊಡ ತುಂಬ ತಗಂಬಾ, ಕಂಠಕ್ಕಿಂತ ಕಮ್ಮಿ ಇರಬಾರ್ದು."

ಯರ್ರಮ್ಮನ ನೆತ್ತಿಯಲ್ಲಿ ಕೂದಲು ಉದುರಿ ರೂಪಾಯಿಯಗಲ ಬರಿದಾಗಿದೆ.

ಜುಲೈ ೯, ಬುಧವಾರ

ಹದಿನೇಳನೆಯ ದಿನ. ಹನ್ನೊಂದನೆಯ ಕೊಡ. ಬಾವಿ ದಾರಿಯಲ್ಲಿ ಕುಸಿದಳಂತೆ. ನಾನು ಸ್ಕೂಲಿನಲ್ಲಿದ್ದೆ. ನೇಯುವವರ ಮನೆಯ ಹೆಂಗಸರಿಬ್ಬರು ಹಿಡಿದುಕೊಂಡು ಬಂದರು. ಸೀರೆಯೆಲ್ಲ ರಕ್ತ.

ಅವ್ವ ನೋಡಿದಳು. "ಮುಟ್ಟಾದ್ಲು. ವ್ರತ ಕೆಡ್ತು" ಎಂದಳು. ಅಷ್ಟೇ. ಕೊಟ್ಟಿಗೆಯಲ್ಲಿ ಗೋಣಿ ಹಾಸಿಸಿದಳು.

ಯರ್ರಮ್ಮ ಅಳಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ನಾನು ನೀರು ಕೊಟ್ಟೆ. ಅವ್ವ ದೂರದಿಂದ, "ಮುಟ್ಟಬ್ಯಾಡ ಜಂಪಣ್ಣ" ಎಂದಳು. ಚೊಂಬು ನೆಲದ ಮೇಲಿಟ್ಟು ಬಂದೆ.

ಜುಲೈ ೧೧

ಗಾಡಿ ಬಂತು. ತಳಕಿಗೆ, ತವರಿಗೆ. ಹತ್ತುವಾಗ ಯರ್ರಮ್ಮ ಒಂದು ಮಾತು ಕೇಳಿದಳು. "ಕರ್ಕೊಂಡೋಗಾಕೆ ಬರ್ತೀರಾ?"

"ಬರ್ತೀನಿ."

"ಯಾವಾಗ?"

ಎತ್ತು ಹೊರಟುಬಿಟ್ಟವು.

ಆಗಸ್ಟ್ ೩, ಭಾನುವಾರ

ಅವ್ವ ಚಳ್ಳಕೆರೆಗೆ ಹೋಗಿದ್ದಾಳೆ, ನೆಂಟರ ಮದುವೆ. ನಾಲ್ಕು ದಿನ ಬರುವುದಿಲ್ಲ.

ಬೊಮ್ಮಲಿಂಗಪ್ಪನ ಅಂಗಡಿಯಿಂದ ಮೈಲುತುತ್ತ ತಂದೆ. ಮಣ್ಣಿನ ಗಡಿಗೆಯಲ್ಲಿ ನೆನೆಸಿದೆ. ಬೇರೆ ಗಡಿಗೆಯಲ್ಲಿ ಸುಣ್ಣ. ಎರಡೂ ಕಲಸಿದಾಗ ನವಿಲಿನ ಕತ್ತಿನ ನೀಲಿ. ಕುಡುಗೋಲಿನಿಂದ ತೊಗಟೆ ಹೆರೆದೆ. ಕೊಳೆತದ್ದು ಒದ್ದೆ ಚರ್ಮದ ಹಾಗೆ ಸುಲಿದು ಬಂತು, ಕೆಟ್ಟ ನಾತ. ಹಸಿ ಮರ ಕಂಡ ಮೇಲೆ ಬಳಿದೆ. ಬುಡಕ್ಕೆ ಮಣ್ಣು ಏರಿಸಿ ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸಿದೆ.

ಗಿಡ ಬದುಕಿದರೆ ಸಾಕ್ಷಿ ಸಿಕ್ಕಂತೆ. ಕಾಗದ ತೋರಿಸಿ ಯರ್ರಮ್ಮನನ್ನು ಕರೆತರುತ್ತೇನೆ. ಇವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಸೆಪ್ಟೆಂಬರ್ ೧೬

ಚಿಗುರಿದೆ! ಕೆಂಪು ಚಿಗುರು. ಅಂಟು ನಿಂತು ಮೂರು ವಾರ.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಓಣಿಯಲ್ಲೆಲ್ಲ ಹೇಳಿ ಬಂದಿದ್ದಾಳೆ. "ಅವಳು ಹೋದ್ಲು, ಗಿಡ ಎದ್ದು ನಿಂತ್ಕಂತು." ಹೆಂಗಸರು ಬಂದು ಕುಂಕುಮವಿಟ್ಟು ಹೋದರು.

ಸೆಪ್ಟೆಂಬರ್ ೧೮

ಹೇಳಿದೆ. ಕೊನೆಗೂ. ಮದ್ದು ಬಳಿದವನು ನಾನು, ಇಗೋ ಕಾಗದ, ಯರ್ರಮ್ಮನದು ತಪ್ಪಿಲ್ಲ ಎಂದೆ.

ಅವ್ವ ಅಲಸಂದೆ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ನಂಗೊತ್ತಿಲ್ವೇನೋ? ಬುಡ ನೀಲಿಯಾಗಿದ್ದು ಬಂದ ದಿನಾನೇ ನೋಡ್ದೆ."

"ಮತ್ಯಾಕೆ ಊರೆಲ್ಲ ಹಾಗೆ ಹೇಳ್ಕೊಂಡು ಬಂದೆ?"

"ಬಂಜೆ ಅಂತ ಬಿಟ್ರೆ ಅವಳಪ್ಪ ದೊಡ್ಡಪಾಲಯ್ಯ ಪಂಚಾಯ್ತಿ ಕೂಡಿಸ್ತಾನೆ. ದೋಷ ಅಂತ ಬಿಟ್ರೆ ತಲೆ ತಗ್ಗಿಸ್ಕಂಡು ಸುಮ್ನಿರ್ತಾನೆ. ಚಳ್ಳಕೆರೇಲಿ ಕ್ಯಾತಣ್ಣನ ಮಗಳನ್ನ ನೋಡಿ ಬಂದೀನಿ. ಅವರ್ಗೂ ಗಿಡದ ವಿಷ್ಯಾನೇ ಹೇಳೀನಿ. ನೀನು ಮದ್ದು ಗಿದ್ದು ಅಂತ ಬಾಯಿ ಬಿಟ್ಟೀಯ ಹುಷಾರು."

ಮತ್ತೆ ಅಲಸಂದೆ ಸುಲಿಯತೊಡಗಿದಳು.

ಅಕ್ಟೋಬರ್ ೫, ಭಾನುವಾರ

ತಳಕಿಗೆ ಹೋಗಿ ಬಂದೆ. ಅವ್ವನಿಗೆ ಇನ್ಸ್‌ಪೆಕ್ಷನ್ ಎಂದು ಹೇಳಿದ್ದೆ. ಮಾವ ದೊಡ್ಡಪಾಲಯ್ಯ ಮುಖ ಕೊಟ್ಟು ಮಾತಾಡಲಿಲ್ಲ, ಎದ್ದು ಹೊಲಕ್ಕೆ ಹೋದ.

ಯರ್ರಮ್ಮ ಮಜ್ಜಿಗೆ ತಂದಿಟ್ಟು ದೂರ ಕೂತಳು. ಬಹಳ ಇಳಿದುಹೋಗಿದ್ದಾಳೆ.

"ಗಿಡ ಹೆಂಗೈತೆ?"

"ಚಿಗುರಿದೆ."

"ಕೇಳ್ದೆ. ಇಲ್ಲಿಗೂ ಬಂತು ಸುದ್ದಿ. ಅವತ್ತು ಗಿಡದ ಚಿತ್ರದ ಕಾಗದ ತಂದಿದ್ರಲ್ಲ. ಅದ್ರಾಗೆ ಏನಿತ್ತು?"

ಇನ್ನು ಸುಳ್ಳು ಬರಲಿಲ್ಲ. ಎಲ್ಲ ಹೇಳಿದೆ. ನೀರೇ ರೋಗ ಎಂದು ಬರೆದಿತ್ತು ಎಂದೆ.

ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅವತ್ತು ಒಂಬತ್ತನೇ ದಿನ. ಆಮ್ಯಾಕೆ ಎಂಟು ದಿನ ಹೊತ್ತೀನಿ."

ನಾನು ಮಜ್ಜಿಗೆ ಲೋಟ ನೋಡುತ್ತಿದ್ದೆ.

"ಅದು ಮುಟ್ಟಲ್ಲ ಕಣ್ರೀ. ಇಪ್ಪತ್ತು ದಿನ ಮೀರಿತ್ತು. ನಿಂತೈತೆ ಅಂತ ನಂಗೆ ಅನ್ನಿಸ್ತಿತ್ತು. ವ್ರತ ಮುಗೀಲಿ, ಖಾತ್ರಿ ಮಾಡ್ಕಂಡು ಹೇಳಾನ ಅಂತಿದ್ದೆ. ಈಗ ಹೇಳಿದ್ರೆ ತಪ್ಪಿಸ್ಕಣಾಕೆ ಸುಳ್ಳು ಹೇಳ್ತಾಳೆ ಅಂತಿದ್ರು ಅತ್ತೆ."

"ನನಗಾದರೂ..."

"ನಿಮಗೆ ಹೇಳಿದ್ರೆ?" ಎಂದಳು. ಕೋಪವಿರಲಿಲ್ಲ. ನಿಜವಾಗಿ ತಿಳಿಯಲು ಕೇಳಿದಂತಿತ್ತು. ಉತ್ತರಕ್ಕಾಗಿ ಕಾದಳು ಕೂಡ.

ಗಾಡಿಯವನು ಕರೆದ. ಎದ್ದೆ. ಬಾ ಎಂದು ಕರೆಯಲು ಹೋದವನು, ಕರೆಯದೆ ಬಂದೆ. ಗಾಡಿ ಊರು ದಾಟಿದ ಮೇಲೆ ನೆನಪಾಯಿತು.

ಅಕ್ಟೋಬರ್ ೧೭, ಶುಕ್ರವಾರ, ಬೆಳಗ್ಗೆ ಹತ್ತು

ಚಳ್ಳಕೆರೆಯವರು ಎರಡು ಗಾಡಿಯಲ್ಲಿ ಬಂದಿಳಿದಿದ್ದಾರೆ. ಹುಡುಗಿಗೆ ಹದಿಮೂರು ವರ್ಷವಂತೆ. ಕ್ಯಾತಣ್ಣ ಮೊದಲು ಹಿತ್ತಲಿಗೇ ಹೋಗಿ ಗಿಡಕ್ಕೆ ಕೈಮುಗಿದ. ಅವ್ವ ಒಂದು ಚಿಗುರು ಕಿತ್ತು ಅವನ ಕೈಗಿಟ್ಟಳು.

ಇವತ್ತು ವೀಳ್ಯ ಬದಲಾಯಿಸುತ್ತಾರೆ. ಬದಲಾದರೆ ಮುಗಿಯಿತು, ಮಾತು ಹಿಂದಕ್ಕೆ ತೆಗೆಯುವಂತಿಲ್ಲ. ಹೇಳುವುದಿದ್ದರೆ ಅದಕ್ಕೆ ಮುಂಚೆ ಹೇಳಬೇಕು. ಎಲ್ಲರೆದುರಿಗೆ. ಗಿಡದ್ದೂ, ಮಗುವಿನದ್ದೂ. ನಾಲ್ಕು ಮಾತು ಸಾಕು. ಬೆಳಗಿನಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ, ಪಾಠದ ಹಾಗೆ.

ಅವ್ವ ಕರೆದಳು. ಬಂದೆ ಎಂದೆ. ಹೊಸ ಪಂಚೆ ಉಟ್ಟಾಗಿದೆ, ರುಮಾಲೂ ಸುತ್ತಿದ್ದೇನೆ.

ಬಾಗಿಲಾಚೆ ತಟ್ಟೆ ಹಿಡಿದು ನಿಂತಿದ್ದಾರೆ, ಈಗ ಬಾಯಿ ತೆರೆದರೆ ಬಂದವರ ಮುಂದೆ ಅವ್ವನ ಮುಖ... ಇದೊಂದು ವೀಳ್ಯ ಮುಗಿಯಲಿ. ಆಮೇಲೆ ಕ್ಯಾತಣ್ಣನನ್ನು ಪಕ್ಕಕ್ಕೆ ಕರೆದು—