ಎಡಗೈಯ ಗವಸು

ರೊವಾನಿಯೆಮಿ
ಫೆಬ್ರವರಿ ೯, ಸೋಮವಾರ

ಪ್ರೀತಿಯ ಹೈನಿ,

ಹೇಗಿದ್ದೀಯ ಮಗಳೇ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಔಲು ನಗರದ ತರಬೇತಿ ಇನ್ನೂ ಎಷ್ಟು ದಿನವೋ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಎಂದಿನಂತೆ ನನ್ನ ಮಾತು ಕೇಳುವುದಿಲ್ಲ. ವಿಮಾನ ರಿಪೇರಿಯ ಹ್ಯಾಂಗರಿನ ಕ್ಯಾಂಟೀನಿನಲ್ಲಿ ಮೀನಿನ ಸಾರು ಕುದಿಸುತ್ತಲೇ ಇದ್ದೇನೆ, ಆ ಗಂಡಸರು ಉಪ್ಪು ಸಾಲದು ಎಂದು ಗೊಣಗುತ್ತಲೇ ಇದ್ದಾರೆ. ಫೋನಿನಲ್ಲಾದರೆ ನನಗೆ ಅಳು ಬಂದುಬಿಡುತ್ತದೆ, ಅದಕ್ಕೇ ಈ ಕಾಗದ.

ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಕಳೆದ ಮಂಗಳವಾರ ನಿನ್ನ ಗಂಡ ಇಲ್ಪೊ ರಿಪೇರಿ ಮಾಡಿ ಕಳಿಸಿದ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ಹಿಂದಕ್ಕೆ ಬಂತು. ಇಲ್ಪೊ ಎಂಜಿನ್ನಿನ ಆಯಿಲ್ ಮುಚ್ಚಳ ಇಟ್ಟಿದ್ದ, ತಿರುಗಿಸಿ ಬಿಗಿ ಮಾಡಿರಲಿಲ್ಲ. ಆಯಿಲ್ ಸೋರಿ ಹೋಗುತ್ತಿತ್ತು. ಪೈಲಟ್ ಹೆಂಗಸು ಆಯಿಲ್ ಮೀಟರಿನ ಮುಳ್ಳು ಇಳಿಯುವುದನ್ನು ಕಂಡು ವಾಪಸ್ ತಿರುಗಿಸಿದಳು, ಅವಳ ಹೊಟ್ಟೆ ತಣ್ಣಗಿರಲಿ. ಮಕ್ಕಳುಮರಿ ತುಂಬಿದ್ದ ವಿಮಾನ ಅದು.

ನಿನಗೆ ಗೊತ್ತಲ್ಲ, ಈ ಮೆಕ್ಯಾನಿಕ್ಕುಗಳು ಅರ್ಧ ಕೆಲಸ ಬಿಟ್ಟು ಹೋಗುವಾಗ ಎಡಗೈಯ ಗವಸನ್ನು ಅಲ್ಲೇ ನೇತುಹಾಕಿ ಹೋಗುತ್ತಾರೆ. ಬಂದಾಗ ಗವಸು ಕಂಡರೆ ಕೆಲಸ ಬಾಕಿ, ಕಾಣದಿದ್ದರೆ ಮುಗಿದಿದೆ. ಅವತ್ತು ಇಲ್ಪೊನಿಗೆ ಫೋನ್ ಬಂತು. ಆ ತಗಡಿನ ಗೋಡೆಗಳ ನಡುವೆ ಸಿಗ್ನಲ್ ಎಲ್ಲಿ ನಿಲ್ಲಬೇಕು? ಹೊರಗೆ ಓಡಿದ. ಮೈನಸ್ ಮೂವತ್ತರ ಚಳಿ, ಎರಡೂ ಗವಸು ಹಾಕಿಕೊಂಡೇ ಹೋದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ, ತಲೆಗೆ ಟೋಪಿಯಿಲ್ಲ, ಮಾತು ಮುಗಿದು ಫೋನ್ ಜೇಬಿಗೆ ಹೋದ ಮೇಲೂ ಹಿಮದಲ್ಲಿ ನಿಂತೇ ಇದ್ದ. ಒಳಗೆ ಬಂದವನಿಗೆ ಎಂಜಿನ್ನಿನ ಹತ್ತಿರ ಗವಸು ಕಾಣಲಿಲ್ಲ. ಕೆಲಸ ಮುಗಿದಿದೆ ಎಂದುಕೊಂಡು ಎಂಜಿನ್ನಿನ ಮೇಲಿನ ಬಾಗಿಲು ಹಾಕಿಬಿಟ್ಟ. ಗವಸು ಅವನ ಕೈಯಲ್ಲೇ ಇತ್ತು.

ಮೇಲ್ವಿಚಾರಕ ರೈಮೊ ಒಳ್ಳೆಯವನು. "ತಪ್ಪು ಎಲ್ಲರ ಕೈಲೂ ಆಗುತ್ತೆ ಕಣೋ. ಯಾಕಾಯ್ತು ಅಂತ ಹೇಳು, ನಾಳೆ ಇನ್ನೊಬ್ಬನಿಗೆ ಆಗ್ದೇ ಇರೋ ಹಾಗೆ ನೋಡ್ಕೊಳ್ಳೋಣ. ಮುಚ್ಚಿಟ್ರೆ ಮಾತ್ರ ನಿನ್ನ ಕೆಲಸ ಉಳಿಸೋಕೆ ನನ್ನಿಂದ ಆಗಲ್ಲ" ಎಂದು ಬಿಡಿಸಿ ಹೇಳಿದ. ನಿನ್ನ ಗಂಡ ಫೋನಿನ ಮಾತೇ ಎತ್ತಲಿಲ್ಲ. "ಸುಮ್ನೆ ಗಾಳಿಗೆ ಹೋಗಿದ್ದೆ" ಅಂದನಂತೆ. ಮೈನಸ್ ಮೂವತ್ತರಲ್ಲಿ ಗಾಳಿಗೆ ಹೋಗುವ ಗಂಡಸನ್ನು ಇವನೊಬ್ಬನನ್ನೇ ನೋಡಿದೆ. ಮನೆಯಲ್ಲಿ ನಾನು ಕೇಳಿದರೆ, "ಅಮ್ಮಾ, ಮಾತು ಕೊಟ್ಟಿದೀನಿ, ಕೇಳ್ಬೇಡ" ಎಂದು ಕಾಫಿ ಹಿಡಿದು ಕಿಟಕಿಯ ಕಡೆ ತಿರುಗಿಬಿಟ್ಟ. ಸರಿಯಾಗಿ ಊಟ ಮಾಡುತ್ತಿಲ್ಲ. ಮುಂದಿನ ವಾರ ಕೊನೆಯ ವಿಚಾರಣೆ. ಆ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬಾರದು, ಬೇಕೂ ಇಲ್ಲ.

ನಿನ್ನ ಹೂಕುಂಡಗಳಿಗೆ ನೀರು ಹಾಕುತ್ತಿದ್ದೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಹಿಲ್ಕ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ನೀನು ಹೋಗಿರುವುದು ತರಬೇತಿಗಲ್ಲ, ಆಸ್ಪತ್ರೆಗೆ. ನಿನ್ನ ಅಕ್ಕ ನಿನ್ನೆ ಬಾಯಿಬಿಟ್ಟಳು, ಅವಳನ್ನು ಬಯ್ಯಬೇಡ. ಎದೆಯ ಗಂಟು ಕೆಟ್ಟದ್ದೆಂದು ವೈದ್ಯರು ಹೇಳಿದ್ದು ಅದೇ ಮಂಗಳವಾರವಂತೆ. ಅಂಥ ಹೊತ್ತಿನಲ್ಲಿ ಗಂಡನಿಗಲ್ಲದೆ ಇನ್ನಾರಿಗೆ ಫೋನ್ ಮಾಡುತ್ತಿದ್ದೆ? ನಿನ್ನ ತಪ್ಪು ಏನೂ ಇಲ್ಲ. ಯಾರಿಗೂ ಹೇಳಬೇಡ ಎಂದು ಅವನಿಂದ ತೆಗೆದುಕೊಂಡ ಮಾತನ್ನು ಅವನಿಗೆ ವಾಪಸ್ ಕೊಟ್ಟುಬಿಡು. ಆಪರೇಷನ್ ಯಾವತ್ತೆಂದು ಹೇಳು, ನಾನು ಬರುತ್ತೇನೆ. ಈ ಕಾಗದ ಸೇರಿದ ದಿನವೇ ಅವನಿಗೆ ಫೋನ್ ಮಾಡು. ಆದರೆ ಸಂಜೆ ಮಾಡು ಮಗಳೇ, ಅವನು ಕೈ ತೊಳೆದುಕೊಂಡು ಮನೆಗೆ ಬಂದ ಮೇಲೆ.