ಕಾಯಿ ಮುಟ್ಟದೆ ಕೂತ ಹೊತ್ತು

ರಂಗಂಪೇಟೆ
೮ ಡಿಸೆಂಬರ್ ೨೦೨೪

ಪ್ರೀತಿಯ ಹಣಮೇಶ ಅವರಿಗೆ,

ನಿಮ್ಮ ಮಲ್ಲೇಶ್ವರಿಯ ನೆನಪುಗಳು. ನಾನು, ಅತ್ತೆ ಇಬ್ಬರೂ ಆರಾಮ ಇದ್ದೇವೆ. ಕಾಗದ ತಡವಾಯಿತು, ಸಿಟ್ಟಾಗಬೇಡಿ. ಗಡಿಯ ಆ ಹಿಮದಲ್ಲಿ ಫೋನು ಸಿಕ್ಕರೂ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಕಾಗದವಾದರೆ ಪಹರೆ ಮುಗಿಸಿ ಬಂದು ನಿಧಾನಕ್ಕೆ ಓದಬಹುದು.

ಯಾದಗಿರಿಯಲ್ಲಿ ನಡೆದ ವಿಭಾಗ ಮಟ್ಟದ ನೌಕರರ ಕ್ರೀಡಾಕೂಟಕ್ಕೆ ಹೋಗಿ ಬಂದೆ. ಮಹಿಳೆಯರ ಚದುರಂಗಕ್ಕೆ ನಮ್ಮ ಶಾಲೆಯಿಂದ ನನ್ನ ಹೆಸರು ಹೋಗಿತ್ತು. ನಾನು ಒಲ್ಲೆ ಎಂದಿದ್ದೆ. ಅತ್ತೆಯೇ ಬುತ್ತಿ ಕಟ್ಟಿ, ಮನೆಗೆ ಬೀಗ ಹಾಕಿ, "ಗೋಡಿ ನೋಡಿಕೋತ ಕುಂತದ್ದು ಸಾಕು, ನಡಿ" ಎಂದು ಜೊತೆಗೆ ಹೊರಟರು. ಶಹಾಪುರ ಮುಟ್ಟುವಾಗ ಮಲಗಿದ ಬುದ್ಧನ ಬೆಟ್ಟದ ಮೇಲೆ ಮಂಜಿತ್ತು. ಹೊಲಗಳಲ್ಲಿ ಒಡೆದ ಹತ್ತಿ ಬೆಳ್ಳಗೆ ತೇಲುತ್ತಿತ್ತು. ಎಚ್ಚರವಿದ್ದೆನೋ ನಿದ್ದೆಯಲ್ಲಿದ್ದೆನೋ, ಭೀಮಾ ಸೇತುವೆ ದಾಟಿದ್ದೂ ತಿಳಿಯಲಿಲ್ಲ.

ಹೊರಗೆ ಕಬಡ್ಡಿಯವರ ಗದ್ದಲ, ನಮ್ಮ ಕೋಣೆಯಲ್ಲಿ ಒಬ್ಬೊಬ್ಬರ ಸಮಯ ಎಣಿಸುವ ಗಡಿಯಾರಗಳ ಸದ್ದು. ಕೈ ತಾನೇ ತಾನಾಗಿ ಆಡುತ್ತಿತ್ತು. ಹಾಗೇ ಫೈನಲ್‌ಗೆ ಬಂದುಬಿಟ್ಟೆ. ಅಲ್ಲಿ ಕೂತ ಮೇಲೆ ಗೆಲ್ಲುವ ಆಸೆ ಹುಟ್ಟಿತು. ಏನಾದರೂ ಬೇಕೆನಿಸಿ ಎಷ್ಟು ಕಾಲವಾಗಿತ್ತೋ.

ಎದುರಿಗೆ ಕೂತವಳು ಶಹಾಪುರದ ತಸ್ಲೀಮಾ, ಕಚೇರಿಯೊಂದರಲ್ಲಿ ಗುಮಾಸ್ತೆ. ಆಟ ನನ್ನ ಕಡೆ ವಾಲಿತ್ತು. ನಡೆಯೂ ನನ್ನದೇ. ಅಷ್ಟರಲ್ಲಿ ಪಡಸಾಲೆಯಲ್ಲಿ ಅವಳ ಕೂಸು ಅಳತೊಡಗಿತು. ಅವಳ ತಾಯಿ ಜೈತುನಬೀ ಎತ್ತಿ ಆಡಿಸಿದರೂ ನಿಲ್ಲದು. ನಾನು ಕಾಯಿ ನಡೆಸಿದರೆ ಅವಳ ಗಡಿಯಾರ ಓಡುತ್ತದೆ, ಅವಳು ಎದ್ದು ಹೋಗುವಂತಿಲ್ಲ. ಆಟ ನಿಲ್ಲಿಸಲು ಬರುವುದಿಲ್ಲವೆಂದರು ತೀರ್ಪುಗಾರರು.

"ಹೋಗಿ ಹಾಲು ಕುಡಿಸಿ ಬಾ, ತಂಗಿ. ನೀ ಬರೂತನಕ ನಾ ಕಾಯಿ ಮುಟ್ಟಂಗಿಲ್ಲ" ಎಂದೆ.

"ನಿಮ್ಮ ಟೈಮ್ ಹೋಗ್ತದರಿ, ಅಕ್ಕಾ."

"ಹೋಗ್ಲಿ ಬಿಡು."

ಅವಳು ಓಡಿದಳು. ಅಳು ನಿಂತಿತು. ನನ್ನ ಗಡಿಯಾರ ಓಡುತ್ತಲೇ ಇತ್ತು, ನಾನು ಕೈಕಟ್ಟಿ ಕೂತಿದ್ದೆ. ಕಿಟಕಿಯ ಬಿಸಿಲು ಮಣೆಯ ಮೇಲೆ ಮೆಲ್ಲಗೆ ಸರಿಯಿತು. ಗೋಡೆಯಾಚೆ ಕೂಸು ಗುಟುಕು ಗುಟುಕಾಗಿ ಕುಡಿಯುವುದು ಕೇಳಿಸಿದಂತಾಯಿತು. ಅಂಥ ನೆಮ್ಮದಿ ಈಚೆಗೆ ನನಗೆ ಸಿಕ್ಕಿರಲಿಲ್ಲ. ಅವಳು ಬಂದಾಗ ನನ್ನ ಸಮಯ ತೀರುತ್ತ ಬಂದಿತ್ತು. ಅವಸರದಲ್ಲಿ ಆಡಿದೆ. ಇನ್ನೊಂದೇ ನಡೆಗೆ ಗೆಲ್ಲಬೇಕು, ಅಷ್ಟರಲ್ಲಿ ನನ್ನ ಸಮಯ ಮುಗಿಯಿತು. ಸೋತೆ.

ತಸ್ಲೀಮಾ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ನನ್ನ ಬೆನ್ನು ಸವರುತ್ತಿದ್ದರು.

ಬೆಳ್ಳಿ ಪದಕ ಗೋಡೆಯ ಗೂಡಿನಲ್ಲಿಟ್ಟಿದ್ದೇನೆ. ನಿಮಗೆ ಅತ್ತೆಯ ಆಶೀರ್ವಾದ, ಚಳಿಗೆ ಕಿವಿ ಮುಚ್ಚಿಕೊಳ್ಳಬೇಕಂತೆ. ನೀವು ಕಾಯುವ ನೆಲ ನಿಮ್ಮನ್ನೂ ಕಾಯಲಿ.

ನಿಮ್ಮ
ಮಲ್ಲೇಶ್ವರಿ

ತಾ.ಕ.: ನಮ್ಮ ಮಗಳ ಬಗ್ಗೆ ನೀವು ಫೋನಿನಲ್ಲಿ ಕೇಳುವುದಿಲ್ಲ, ನನಗೆ ನೋವಾದೀತೆಂದು ಇರಬೇಕು. ಉಸಿರಿಲ್ಲದೆ ಹುಟ್ಟಿದವಳನ್ನು ಮಣ್ಣಿಗೆ ಒಯ್ಯುವ ಮೊದಲು ಅತ್ತೆ ಒಂದು ಸಲ ನನ್ನ ಮಡಿಲಿಗೆ ಕೊಟ್ಟಿದ್ದರು. ನಿಮಗೆ ರಜೆ ಸಿಗಲಿಲ್ಲ, ನೀವು ನೋಡಲಿಲ್ಲ. ತಲೆ ತುಂಬ ಕೂದಲಿತ್ತು. ಗದ್ದ ನಿಮ್ಮದೇ.